ಉದರದೊಳಗಣ ಮಿತ್ರರು

ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದೆಂಬುದನ್ನು ಅರಿಯದ ಗೃಹಿಣಿಯುಂಟೇ? ಹಾಲು ಉಗುರುಬೆಚ್ಚಗಾಗುವವರೆಗೆ ಆಕೆ ಕಾಯುವಳು. ಏಕೆಂದರೆ ಹೆಪ್ಪಿನಲ್ಲಿ ಜೀವವಿದೆ. ಕಣ್ಣಿಗೆ ಕಾಣದ ಅಣುಜೀವಿಗಳು ಹಾಲಿನ ಸಕ್ಕರೆಯನ್ನುಂಡು ಹುಳಿಯನ್ನುಂಟುಮಾಡುವುವು. ಆ ಹುಳಿಯಿಂದಲೇ ಹಾಲು ಹೆಪ್ಪುಗಟ್ಟುವುದು.

ನಮ್ಮ ಕರುಳಿನಲ್ಲಿಯೂ ಬಗೆಬಗೆಯ ಅಣುಜೀವಿಗಳು ಕೋಟ್ಯನುಕೋಟಿಯಾಗಿ ವಾಸಿಸುತ್ತವೆ. ನಾವು ಜೀರ್ಣಿಸಲಾರದ ನಾರನ್ನು ಅವು ಹುದುಗಿಸಿ, ಕರುಳಿನ ಒಳಪೊರೆಗೆ ಆಹಾರವನ್ನೊದಗಿಸುವುವು. ರೋಗಕಾರಕ ಕ್ರಿಮಿಗಳಿಗೆ ಎಡೆಗೊಡದೆ ಕಾವಲಿರುವುವು.

ಇಷ್ಟನ್ನು ಬಲ್ಲ ನಾನೇ ಕಳೆದ ಮಾಗಿಯಲ್ಲಿ ತಪ್ಪಿದೆನು. ನೆಗಡಿಯಾಯಿತೆಂದು, ಹಿಂದೆಂದೋ ಉಳಿದಿದ್ದ ಆಂಟಿಬಯಾಟಿಕ್ ಗುಳಿಗೆಗಳನ್ನು ಯಾರನ್ನೂ ಕೇಳದೆ ನುಂಗಿದೆನು. ನೆಗಡಿಯು ವೈರಸ್ಸಿನಿಂದ ಬರತಕ್ಕದ್ದು. ಆ ಗುಳಿಗೆಗಳಿಗೆ ಅದು ಜಗ್ಗದು. ಮೂರು ದಿನ ಭೇದಿಯಿಂದ ಬಳಲಿ ಹಾಸಿಗೆ ಹಿಡಿದೆನು. ಹಿಂದೆ ನನ್ನಲ್ಲಿ ಓದಿದ್ದ ವೈದ್ಯನು ಬಂದು, "ಮೇಷ್ಟ್ರೇ, ಕಳ್ಳ ತಪ್ಪಿಸಿಕೊಂಡ, ಕಾವಲುಗಾರರಿಗೆ ಏಟು ಬಿತ್ತು" ಎಂದನು. ಅರುವತ್ತರ ಪ್ರಾಯದಲ್ಲಿ ಶಿಷ್ಯನಿಂದ ಪಾಠ ಹೇಳಿಸಿಕೊಂಡಂತಾಯಿತು.

ಗ್ರಹಣಿ, ಮೂಲವ್ಯಾಧಿಗಳಲ್ಲಿ ಚರಕಸಂಹಿತೆಯು ತಕ್ರವನ್ನು, ಎಂದರೆ ಮಜ್ಜಿಗೆಯನ್ನು, ಬಹುವಾಗಿ ಶ್ಲಾಘಿಸಿದೆ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದು, 1908ರಲ್ಲಿ ನೊಬೆಲ್ ಪಾರಿತೋಷಿಕವನ್ನು ಹಂಚಿಕೊಂಡ ಮೆಚ್ನಿಕಾಫ್ ಪಂಡಿತನು ಬಲ್ಗೇರಿಯಾದ ಜನರ ದೀರ್ಘಾಯುಷ್ಯಕ್ಕೆ ಹುಳಿಹಾಲನ್ನು ಕಾರಣವಾಗಿ ಎಣಿಸಿದನು. ಆದರೆ ಮೊಸರು ಸಂಜೀವಿನಿಯೆಂದು ಭ್ರಮಿಸಬಾರದು. ಅದರ ಅಣುಜೀವಿಗಳು ಸಾಮಾನ್ಯವಾಗಿ ಕರುಳಿನಲ್ಲಿ ನೆಲೆನಿಲ್ಲದೆ ಅತಿಥಿಗಳಂತೆ ಬಂದು ಹೋಗುವುವು. ಪ್ರೋಬಯಾಟಿಕ್ ಎಂಬ ಹೆಸರಿನಿಂದ ಮಾರುವ ಗುಳಿಗೆಗಳೂ ಎಲ್ಲವೂ ಒಂದೇ ಅಲ್ಲ. ಯಾವ ಜಾತಿಯ ಅಣುಜೀವಿ, ಎಷ್ಟು, ಯಾವ ರೋಗಕ್ಕೆ ಎಂಬುದರ ಮೇಲೆ ಅವುಗಳ ಗುಣವು ನಿಂತಿದೆ.

ಹಾಗಾದರೆ ಗೃಹಸ್ಥರು ಮಾಡಬೇಕಾದುದೇನು? ಕುದಿಸಿದ ಮಜ್ಜಿಗೆಹುಳಿಯಲ್ಲಿ ರುಚಿಯುಂಟು, ಜೀವವಿಲ್ಲ. ಆದುದರಿಂದ ಊಟದ ಕೊನೆಗೆ ಕಾಯಿಸದ ಮಜ್ಜಿಗೆಯಿರಲಿ. ಅತಿಥಿಗಳ ಸತ್ಕಾರದಲ್ಲಿ ಮನೆಯವರನ್ನು ಮರೆಯಬಾರದು: ಒಳಗೆ ನೆಲೆಸಿರುವ ಮಿತ್ರರಿಗೆ ರಾಗಿ, ಕಾಳು, ಸೊಪ್ಪು, ಬಾಳೆದಿಂಡುಗಳ ನಾರೇ ಅನ್ನ. ವೈದ್ಯರು ಅಗತ್ಯವೆಂದು ಕೊಟ್ಟ ಆಂಟಿಬಯಾಟಿಕ್ಕನ್ನು ಅವರು ಹೇಳಿದಂತೆಯೇ ಸೇವಿಸಿರಿ. ಉಳಿದುದನ್ನು ಮುಂದಕ್ಕೆಂದು ಕೂಡಿಡಬೇಡಿರಿ. ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಮಗು ಬಾಡಿದರೆ, ಮಜ್ಜಿಗೆಯನ್ನು ನಂಬಿ ಕೂಡದೆ ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ನನ್ನ ಕಪಾಟಿನ ಹಳೆಯ ಗುಳಿಗೆಗಳೆಲ್ಲವೂ ಈಗ ಹೊರಬಿದ್ದಿವೆ. ಹೆಪ್ಪಿನ ಬಟ್ಟಲು ಮಾತ್ರ ಎಂದಿನಂತೆ ಅದರ ಸ್ಥಾನದಲ್ಲಿಯೇ ಇದೆ.