ಶೆಡ್ಡಿನೊಳಗಿನ ವಿದ್ಯೆ
ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನಂಥ ಹೆದ್ದಾರಿ ಬದಿಯ ಊರಲ್ಲಿ ಮನೆಯ ಶೆಡ್ಡಿನಲ್ಲೇ ಹಳೇ ಬೈಕಿಗೆ ಜೀವ ಕೊಡುವ ಹುಡುಗರನ್ನೆಲ್ಲ ಪುಂಡರೆನ್ನುವುದು ಅನ್ಯಾಯ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ತಯಾರಾದ ಯೆಜ್ಡಿ ಬೈಕುಗಳು ಇಂದಿಗೂ ಓಡುತ್ತಿರುವುದು ಇಂಥ ಕೈಗಳಿಂದಲೇ. ಕಾರ್ಬ್ಯುರೇಟರಿನ ಜೆಟ್ ತೀರ ಚಿಕ್ಕದಾದರೆ ಪೆಟ್ರೋಲ್ ಸಾಲದೆ ಪಿಸ್ಟನ್ ಕಾದು ಜಾಮ್ ಆಗುತ್ತದೆ. ದೊಡ್ಡದಾದರೆ ಪ್ಲಗ್ ಮಸಿ ಹಿಡಿಯುತ್ತದೆ. ಆ ಹದ ಕಂಡುಕೊಳ್ಳುವುದು ನಿಜವಾದ ವಿದ್ಯೆ. ಕಾನೂನು ಒಪ್ಪುವುದಿಲ್ಲವಲ್ಲ ಎನ್ನುವವರಿದ್ದಾರೆ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವುದು ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು, ರಿಪೇರಿ, ಟ್ಯೂನಿಂಗನ್ನಲ್ಲ. ಚಾಸಿ ಕತ್ತರಿಸಿದವರಿಗೆ, ಸೈಲೆನ್ಸರ್ ಕಿತ್ತು ಊರು ನಡುಗಿಸುವವರಿಗೆ ದಂಡ ಬೀಳಲಿ. ಉಳಿದವರಿಗೆ ಹಾವೇರಿ ಜಿಲ್ಲೆಯ ಐಟಿಐಗಳು ಸಂಜೆ ಹೊತ್ತು ತಮ್ಮ ವರ್ಕ್‌ಶಾಪಿನ ಬಾಗಿಲು ತೆರೆಯಲಿ.