ಜಾಮೀನಿಗೂ ಊರು ಬೇಕೆ?

ಅಮೆರಿಕೆಯಲ್ಲಿ ಜಾಮೀನಿನ ಹಣವಿಲ್ಲದೆ ಸೆರೆಯಲ್ಲುಳಿಯುವ ಬಡವರಿಗಾಗಿ, ವಲಸಿಗರಿಗಾಗಿ ನಾವು ಮರುಗುತ್ತೇವೆ. ನಮ್ಮಲ್ಲಿ? 2022ರ ಕೊನೆಗೆ ಭಾರತದ ಸೆರೆಮನೆಗಳಲ್ಲಿದ್ದವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ವಿಚಾರಣಾಧೀನರು, ಅಪರಾಧ ಸಾಬೀತಾಗದವರು. ‘ಕೈದಿ’ ಎಂಬ ಒಂದೇ ಪದ ಈ ಭೇದವನ್ನು ಮರೆಸುತ್ತದೆ.

ಮಧ್ಯಪ್ರದೇಶದ ಗಾರೆ ಕೆಲಸಗಾರ ಮೋತಿರಾಮನಿಗೆ ಹೊಣೆ ನಿಂತ ಸಹೋದರನನ್ನು, ಅನ್ಯ ಜಿಲ್ಲೆಯವನೆಂಬ ಕಾರಣಕ್ಕೆ ಮ್ಯಾಜಿಸ್ಟ್ರೇಟರು ಒಪ್ಪಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆತನನ್ನು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು. ದೂರದ ನಾಡಿನಲ್ಲಿ ಬಂಧಿತನಾದ ಕನ್ನಡಿಗನ ಗತಿಯೇನೆಂದೂ ತೀರ್ಪಿನಲ್ಲಿ ಕೇಳಿದರು.

ನಮ್ಮ ಹಿನಕಲ್ಲಿನಲ್ಲಿ ಮನೆ ಕಟ್ಟಲು ಬರುವ ಹೊರನಾಡಿನ ಕೂಲಿಕಾರನಿಗಾಗಿ ಅದೇ ಪ್ರಶ್ನೆಯನ್ನು ನಾವೂ ಕೇಳಬೇಕು. ಇಲ್ಲಿ ಅವನಿಗೆ ಹೊಣೆ ನಿಲ್ಲುವವರು ಯಾರು? ನೆಲೆಯಿಲ್ಲದವನಿಂದ ಸ್ಥಳೀಯ ಜಾಮೀನನ್ನು ಬಯಸುವುದೆಂದರೆ, ತೀರ್ಪಿಗೆ ಮೊದಲೇ ಶಿಕ್ಷೆ ವಿಧಿಸಿದಂತೆ.