ಐವತ್ತು ಮಂದಿಯ ಕೈಯಲ್ಲಿ ಒಂದು ಅಮಾನತ್



ನೀವು ಕೊಟ್ಟ ದಾನ ಹಕ್ಕುದಾರರ ಕೈ ಸೇರುವ ತನಕ ಸಂಸ್ಥೆಯ ಬಳಿ ಅಮಾನತ್ ಆಗಿರುತ್ತದೆ. ಅಮೆರಿಕದ ರೆಡ್‌ಕ್ರಾಸ್‌ನ ಕಥೆಯನ್ನು ಈ ದೃಷ್ಟಿಯಿಂದ ನೋಡಿ. 1881ರಲ್ಲಿ ಅದನ್ನು ಕಟ್ಟಿದ್ದು ಕ್ಲಾರಾ ಬಾರ್ಟನ್ ಎಂಬ ಮಹಿಳೆ. 2005ರಲ್ಲಿ ಕತ್ರಿನಾ ಚಂಡಮಾರುತ ಬಡಿದಾಗ ಜನರು ಅದಕ್ಕೆ ಸುಮಾರು 200 ಕೋಟಿ ಡಾಲರ್ ಕೊಟ್ಟರು. ಆದರೂ ನೆರವು ಸಕಾಲದಲ್ಲಿ ತಲುಪಲಿಲ್ಲವೆಂಬ ದೂರುಗಳೆದ್ದವು. ಆ ಡಿಸೆಂಬರ್‌ನಲ್ಲಿ ಸಂಸ್ಥೆಯ ಮುಖ್ಯಸ್ಥೆ ರಾಜೀನಾಮೆ ನೀಡಿದರು.

ಸೆನೆಟರ್ ಚಾರ್ಲ್ಸ್ ಗ್ರಾಸ್ಲಿ ವಿಚಾರಿಸತೊಡಗಿದಾಗ ಕಂಡದ್ದೇನು? ಆಡಳಿತ ಮಂಡಳಿಯಲ್ಲಿ 50 ಮಂದಿ! 30 ಮಂದಿ ಶಾಖೆಗಳಿಂದ ಬಂದವರು, 12 ಮಂದಿ ಮಂಡಳಿಯೇ ಆರಿಸಿದವರು, 8 ಮಂದಿ ರಾಷ್ಟ್ರಾಧ್ಯಕ್ಷರು ನೇಮಿಸಿದವರು. ಇವರಲ್ಲಿ ಹೆಚ್ಚಿನವರು ಸಚಿವರು, ದೊಡ್ಡ ಅಧಿಕಾರಿಗಳು; ಸಭೆಗೆ ಬರುತ್ತಿದ್ದುದೇ ಅಪರೂಪ. (ನಮ್ಮ ಟ್ರಸ್ಟ್‌ಗಳ ಲೆಟರ್‌ಹೆಡ್‌ಗಳಲ್ಲೂ ಇಂತಹ ಹೆಸರುಗಳಿಗೇನೂ ಬರವಿಲ್ಲ.) ಇಷ್ಟೊಂದು ಜನರಿದ್ದಲ್ಲಿ, ಪ್ರಶ್ನೆಯನ್ನು ಇನ್ನೊಬ್ಬರು ಕೇಳಿಯಾರು ಎಂದು ಪ್ರತಿಯೊಬ್ಬರೂ ಸುಮ್ಮನಿದ್ದು ಬಿಡುತ್ತಾರೆ.

2007ರ ಮೇ ತಿಂಗಳಲ್ಲಿ ಹೊಸ ಕಾನೂನು ಬಂತು. 2012ರೊಳಗೆ ಮಂಡಳಿ 20ಕ್ಕಿಂತ ಹೆಚ್ಚಿರಬಾರದು, ರಾಷ್ಟ್ರಾಧ್ಯಕ್ಷರು ನೇಮಿಸುವುದು ಮಂಡಳಿಯ ಅಧ್ಯಕ್ಷರನ್ನು ಮಾತ್ರ, ಗಣ್ಯರಿಗೆ ಬೇರೆಯೇ ಸಲಹಾ ಸಮಿತಿ. ಇವುಗಳಿಗಿಂತ ನನಗೆ ಹಿಡಿಸಿದ್ದು ಇನ್ನೊಂದು: ದೂರು ಆಲಿಸಲು ಒಂಬುಡ್ಸ್‌ಮನ್ ನೇಮಕ. ಅವರು ವರ್ಷಕ್ಕೊಮ್ಮೆ ಸಂಸತ್ತಿಗೆ ವರದಿ ಕೊಡಬೇಕು. ನಿಮ್ಮೂರಿನ ಬೈತುಲ್ ಮಾಲ್‌ನಿಂದ ಬರಿಗೈಯಲ್ಲಿ ಹಿಂದಿರುಗಿದ ವಿಧವೆ ಯಾರ ಬಳಿ ದೂರಬೇಕು, ಹೇಳಿ?

ಕಾನೂನಿನಿಂದ ಎಲ್ಲವೂ ಸರಿಹೋಯಿತೆನ್ನಲಾಗದು. 2010ರ ಹೈಟಿ ಭೂಕಂಪಕ್ಕಾಗಿ ಸಂಗ್ರಹಿಸಿದ ನಿಧಿಯ ಬಗ್ಗೆ ಅದೇ ಗ್ರಾಸ್ಲಿ ಮತ್ತೆ ಲೆಕ್ಕ ಕೇಳಬೇಕಾಯಿತು. ಸುಮಾರು ಕಾಲುಭಾಗ ಸಂಸ್ಥೆಯ ಆಂತರಿಕ ಖರ್ಚಿಗೆ ಹೋಗಿದೆಯೆಂದು ಅವರ 2016ರ ವರದಿ ಹೇಳಿತು.